ಅಪ್‌ಡೇಟ್ ಆದ ಮೇಲೆ ಟರ್ಮಿನಲ್‌ನ ಬಣ್ಣ ಬದಲಾದರೆ: ಕಾರಣ ಹುಡುಕುವ ಕ್ರಮ ಮತ್ತು ಪರಿಹಾರ

ವಿಷುಯಲ್ ಸ್ಟುಡಿಯೊ ಕೋಡ್ ಎಂಬ ಕೋಡ್ ಎಡಿಟರ್ ಅಪ್‌ಡೇಟ್ ಆಗಿ ಮತ್ತೆ ತೆರೆದುಕೊಂಡಾಗ ಅದರ ಕೆಳಭಾಗದ ಟರ್ಮಿನಲ್‌ನಲ್ಲಿ ಅಕ್ಷರಗಳು ಹಿಂದಿನ ದಿನದ ಬಣ್ಣದಲ್ಲಿ ಕಾಣದೆ, ಕೆಲವೊಮ್ಮೆ ಮಾಸಿದಂತೆ, ಕೆಲವೊಮ್ಮೆ ಎಲ್ಲವೂ ಒಂದೇ ಬಣ್ಣವಾಗಿ, ಅಪರೂಪಕ್ಕೆ ಚೂರುಚೂರಾಗಿ ಕಾಣುವುದು ಪ್ರೋಗ್ರಾಮಿಂಗ್ ಕಲಿಯುವವರಿಗೂ ಅದನ್ನೇ ವೃತ್ತಿಯಾಗಿ ಮಾಡುವವರಿಗೂ ಆಗಾಗ ಎದುರಾಗುವ ತೊಂದರೆ. ಟರ್ಮಿನಲ್‌ನ ಬಣ್ಣ ಅಲಂಕಾರಕ್ಕಾಗಿ ಇರುವುದಲ್ಲ. ಕೆಂಪು ಬಂದರೆ ದೋಷ, ಹಳದಿ ಬಂದರೆ ಎಚ್ಚರಿಕೆ, ಹಸಿರು ಬಂದರೆ ಕೆಲಸ ಆಯಿತು ಎಂದು ಓದುವ ಅಭ್ಯಾಸ ಕಣ್ಣಿಗೆ ಕೂತಿರುತ್ತದೆಯಾದ್ದರಿಂದ, ಬಣ್ಣ ತಪ್ಪಿದರೆ ನೂರಾರು ಸಾಲುಗಳ ನಡುವೆ ಇರುವ ಒಂದು ದೋಷದ ಸಾಲು ಕಣ್ತಪ್ಪಿ ಹೋಗುತ್ತದೆ.

ಹೊಸೂರು ಮತ್ತು ಕೃಷ್ಣಗಿರಿ ಸೀಮೆಯಲ್ಲಿ ಈ ತೊಂದರೆಯನ್ನು ಬಿಡಿಸಿಕೊಳ್ಳುವುದು ಇನ್ನಷ್ಟು ಗೋಜಲಾಗುತ್ತದೆ. ತಳಿ, ಡೆಂಕಣಿಕೋಟೆ, ಬಾಗಲೂರು ಸುತ್ತಿನ ಕನ್ನಡ ಮನೆಗಳ ಮಕ್ಕಳು ಹೊಸೂರಿನ ಅದಿಯಮಾನ್ ಇಂಜಿನಿಯರಿಂಗ್ ಕಾಲೇಜಿನಲ್ಲೋ, 1994ರಲ್ಲಿ ಆರಂಭವಾದ ಬರಗೂರಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲೋ ಓದುವಾಗ ಪ್ರಯೋಗಾಲಯದಲ್ಲಿ ಒಂದು ಕಂಪ್ಯೂಟರ್, ಮನೆಯಲ್ಲಿ ಇನ್ನೊಂದು ಎಂದು ಬಳಸುತ್ತಾರೆ. ಅತ್ತಿಬೆಲೆ ಗಡಿ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಕಚೇರಿಯ ಲಿನಕ್ಸ್ ಯಂತ್ರ ಒಂದಾದರೆ ಮನೆಯ ವಿಂಡೋಸ್ ಲ್ಯಾಪ್‌ಟಾಪ್ ಮತ್ತೊಂದಾಗಿರುವುದುಂಟು. ಒಂದೇ ಎಡಿಟರ್ ಎರಡು ಯಂತ್ರಗಳಲ್ಲಿ ಎರಡು ಬಗೆಯಾಗಿ ಕಂಡಾಗ, ತಪ್ಪು ಯಾವ ಯಂತ್ರದ್ದು, ಯಾವ ಸೆಟ್ಟಿಂಗ್‌ನದು ಎಂದು ಕನ್ನಡದಲ್ಲಿ ವಿವರಿಸುವ ಬರಹ ಕೈಗೆ ಸಿಗುವುದು ಕಡಿಮೆ. ಆ ಕೊರತೆಯನ್ನು ತುಂಬುವುದು ಈ ಲೇಖನದ ಉದ್ದೇಶ. ಇಲ್ಲಿ ಸೆಟ್ಟಿಂಗ್‌ಗಳ ಮತ್ತು ಆದೇಶಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಕಂಪ್ಯೂಟರಿನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು.

ಬಣ್ಣ ಎಲ್ಲಿಂದ ಬರುತ್ತದೆ

ಟರ್ಮಿನಲ್ ಎಂದರೆ ಆದೇಶವನ್ನು ಬೆರಳಚ್ಚಿಸಿ ಅದರ ಉತ್ತರವನ್ನು ಅಕ್ಷರರೂಪದಲ್ಲಿ ಪಡೆಯುವ ಕಿಟಕಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ 1978ರಲ್ಲಿ ಹೊರತಂದ ವಿಟಿ100 ಎಂಬ ಟರ್ಮಿನಲ್ ಯಂತ್ರದ ಕಾಲದಿಂದಲೂ, ಅಕ್ಷರಗಳ ಜೊತೆಗೆ ಕಣ್ಣಿಗೆ ಕಾಣದ ಸಂಕೇತಗಳನ್ನು ಕಳುಹಿಸಿ ಪರದೆಯನ್ನು ಆಡಿಸುವ ಪದ್ಧತಿ ರೂಢಿಯಲ್ಲಿದೆ. ಎಸ್ಕೇಪ್ ಎಂಬ ಅಗೋಚರ ಚಿಹ್ನೆ, ಅದರ ಹಿಂದೆ ಒಂದು ಚೌಕ ಆವರಣ, ಒಂದು ಅಂಕಿ, ಕೊನೆಗೆ ಎಂ ಎಂಬ ಅಕ್ಷರ, ಇವಿಷ್ಟು ಸೇರಿದರೆ ಒಂದು ಬಣ್ಣದ ಸಂಕೇತವಾಗುತ್ತದೆ. ಅಂಕಿ 31 ಆಗಿದ್ದರೆ ಕೆಂಪು, 32 ಆಗಿದ್ದರೆ ಹಸಿರು, 34 ಆಗಿದ್ದರೆ ನೀಲಿ, 0 ಆಗಿದ್ದರೆ ಮೊದಲಿನ ಬಣ್ಣಕ್ಕೆ ಮರಳು ಎಂದು ಅರ್ಥ. 30ರಿಂದ 37ರವರೆಗಿನ ಎಂಟು ಸಾಮಾನ್ಯ ಬಣ್ಣಗಳು ಮತ್ತು 90ರಿಂದ 97ರವರೆಗಿನ ಎಂಟು ಉಜ್ವಲ ಬಣ್ಣಗಳು ಸೇರಿ ಹದಿನಾರು ಮೂಲ ಬಣ್ಣಗಳಾಗುತ್ತವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಪ್ರೋಗ್ರಾಂ ‘ನೀಲಿ’ ಎಂದಷ್ಟೇ ಹೇಳುತ್ತದೆ, ಯಾವ ನೀಲಿ ಎಂದು ಹೇಳುವುದಿಲ್ಲ. ಬಣ್ಣದ ಅಂಗಡಿಗೆ ‘ಒಂದು ಡಬ್ಬಿ ನೀಲಿ’ ಎಂದು ಚೀಟಿ ಬರೆದು ಕಳುಹಿಸಿದರೆ ಆಕಾಶನೀಲಿ ಬರುತ್ತದೆಯೋ ಗಾಢನೀಲಿ ಬರುತ್ತದೆಯೋ ಎಂಬುದು ಅಂಗಡಿಯವರ ಕೈಯಲ್ಲಿರುವಂತೆ, ಟರ್ಮಿನಲ್‌ನಲ್ಲಿ ಆ ತೀರ್ಮಾನ ಎಡಿಟರ್‌ನ ಥೀಮ್‌ನ ಕೈಯಲ್ಲಿರುತ್ತದೆ. ಥೀಮ್ ಎಂದರೆ ಎಡಿಟರ್‌ನ ಒಂದೊಂದು ಭಾಗಕ್ಕೂ ಯಾವ ಬಣ್ಣ ಎಂದು ಬರೆದಿಟ್ಟ ಪಟ್ಟಿ. ಇದಕ್ಕೆ ಹೊರತಾದ ಬಗೆಯೂ ಉಂಟು: ಕೆಲವು ಪ್ರೋಗ್ರಾಂಗಳು ಕೆಂಪು, ಹಸಿರು, ನೀಲಿ ಈ ಮೂರರ ಪ್ರಮಾಣವನ್ನು 0ರಿಂದ 255ರವರೆಗಿನ ಅಂಕಿಗಳಲ್ಲಿ ತಾವೇ ಹೇಳಿ 1,67,77,216 ಬಣ್ಣಗಳಲ್ಲಿ ತಮಗೆ ಬೇಕಾದುದನ್ನು ನೇರವಾಗಿ ಕೇಳುತ್ತವೆ, ಆಗ ಥೀಮ್‌ನ ಹದಿನಾರು ಬಣ್ಣಗಳ ಪಟ್ಟಿ ಬಳಕೆಗೇ ಬರುವುದಿಲ್ಲ.

ಹೀಗೆ ಒಂದು ಅಕ್ಷರದ ಬಣ್ಣ ಕಣ್ಣಿಗೆ ತಲುಪುವ ಮೊದಲು ನಾಲ್ಕು ಹಂತಗಳನ್ನು ದಾಟುತ್ತದೆ.

1. ಪ್ರೋಗ್ರಾಂ: ಬಣ್ಣದ ಸಂಕೇತ ಕಳುಹಿಸಬೇಕೋ ಬೇಡವೋ ಎಂದು ಮೊದಲು ತೀರ್ಮಾನಿಸುವುದು ಇದೇ.

2. ಶೆಲ್ ಮತ್ತು ಪರಿಸರ ಚರಗಳು: ಆದೇಶಗಳನ್ನು ಓದಿ ನಡೆಸುವ ಬ್ಯಾಷ್, ಪವರ್‌ಶೆಲ್ ಮುಂತಾದವು ಶೆಲ್‌ಗಳು, ಟರ್ಮಿನಲ್‌ನ ಸಾಮರ್ಥ್ಯವೇನು ಎಂದು ಪ್ರೋಗ್ರಾಂಗಳಿಗೆ ತಿಳಿಸುವ, ಹೆಸರು ಮತ್ತು ಬೆಲೆಗಳ ಜೋಡಿಗಳು ಪರಿಸರ ಚರಗಳು.

3. ಥೀಮ್: ಹದಿನಾರು ಸಂಖ್ಯೆಗಳಿಗೆ ನಿಜವಾದ ಬಣ್ಣಗಳನ್ನು ಹಂಚುವುದು ಇದು.

4. ಚಿತ್ರಿಸುವ ಭಾಗ: ಈ ಎಡಿಟರ್‌ನಲ್ಲಿ ಎಕ್ಸ್‌ಟರ್ಮ್ ಜೆಎಸ್ ಎಂಬ ತಂತ್ರಾಂಶ ಭಾಗವು ಅಕ್ಷರಗಳನ್ನು ಪರದೆಯ ಮೇಲೆ ಬಿಡಿಸುತ್ತದೆ, ಮತ್ತು ಬಿಡಿಸುವಾಗ ಅಗತ್ಯ ಕಂಡರೆ ಬಣ್ಣವನ್ನು ತಿದ್ದುತ್ತದೆ.

ಎಡಿಟರ್‌ನ ಅಪ್‌ಡೇಟ್ ಹೆಚ್ಚಾಗಿ ಮುಟ್ಟುವುದು ಮೂರನೆಯ ಮತ್ತು ನಾಲ್ಕನೆಯ ಹಂತಗಳನ್ನು. ಆದ್ದರಿಂದ ಹುಡುಕಾಟವನ್ನು ಅಲ್ಲಿಂದ ಆರಂಭಿಸಿ ಹಿಂದಕ್ಕೆ ಬರುವುದು ಲಾಭಕರ.

ಅಪ್‌ಡೇಟ್ ಬಣ್ಣವನ್ನು ಬದಲಿಸುವುದೇಕೆ

ಬಣ್ಣ ಬದಲಾದ ಕೂಡಲೇ ಅದನ್ನು ದೋಷವೆಂದು ಭಾವಿಸುವುದು ಸಹಜವಾದರೂ, ಅನೇಕ ಸಲ ಅದು ಉದ್ದೇಶಪೂರ್ವಕವಾಗಿ ಮಾಡಿದ ಬದಲಾವಣೆಯಾಗಿರುತ್ತದೆ. ಇದಕ್ಕೆ ತಕ್ಕ ಉದಾಹರಣೆ ಕನಿಷ್ಠ ಕಾಂಟ್ರಾಸ್ಟ್ ಅನುಪಾತ, ಅಂದರೆ ‘ಟರ್ಮಿನಲ್ ಇಂಟಿಗ್ರೇಟೆಡ್ ಮಿನಿಮಮ್ ಕಾಂಟ್ರಾಸ್ಟ್ ರೇಶಿಯೊ’ ಎಂಬ ಸೆಟ್ಟಿಂಗ್. ಈ ಸೆಟ್ಟಿಂಗ್ ಮೊದಲಿನಿಂದ ಇತ್ತಾದರೂ ಅದರ ಮೂಲ ಬೆಲೆ 1 ಆಗಿತ್ತು, ಅಂದರೆ ಅದು ಏನನ್ನೂ ತಿದ್ದುತ್ತಿರಲಿಲ್ಲ. 2022ರಲ್ಲಿ ಮೂಲ ಬೆಲೆಯನ್ನು 4.5ಕ್ಕೆ ಏರಿಸಿದ ಮೇಲೆ, ಯಾರೂ ಯಾವ ಸೆಟ್ಟಿಂಗ್ ಮುಟ್ಟದಿದ್ದರೂ ಬಣ್ಣಗಳು ಬದಲಾದವು. ಹಳೆಯ ಆವೃತ್ತಿಯಲ್ಲೇ ಉಳಿದು ಬಹುಕಾಲದ ನಂತರ ಅಪ್‌ಡೇಟ್ ಮಾಡುವ ಪ್ರಯೋಗಾಲಯದ ಯಂತ್ರಗಳಲ್ಲಿ ಈ ಬದಲಾವಣೆ ಇಂದಿಗೂ ಹೊಸದಾಗಿಯೇ ಎದುರಾಗುತ್ತದೆ.

ಕಾಂಟ್ರಾಸ್ಟ್ ಅನುಪಾತವೆಂದರೆ ಅಕ್ಷರದ ಹೊಳಪಿಗೂ ಹಿನ್ನೆಲೆಯ ಹೊಳಪಿಗೂ ಇರುವ ಅಂತರದ ಅಳತೆ. ಎರಡು ಹೊಳಪುಗಳಿಗೂ 0.05 ಕೂಡಿಸಿ, ಹೆಚ್ಚಿನದನ್ನು ಕಡಿಮೆಯದರಿಂದ ಭಾಗಿಸಿದರೆ ಅನುಪಾತ ಸಿಗುತ್ತದೆ. ಶುದ್ಧ ಬಿಳಿಯ ಹೊಳಪು 1, ಶುದ್ಧ ಕಪ್ಪಿನದು 0 ಆದ್ದರಿಂದ ಅವೆರಡರ ಅನುಪಾತ 1.05 ಭಾಗ 0.05, ಅಂದರೆ 21. ಇದೇ ಗರಿಷ್ಠ ಮಿತಿ. ವೆಬ್ ಪುಟಗಳು ಎಲ್ಲರಿಗೂ ಓದಲು ಬರುವಂತಿರಬೇಕೆಂದು 2008ರಲ್ಲಿ ಪ್ರಕಟವಾದ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಅನುಪಾತವನ್ನೂ, ಇನ್ನೂ ಮೇಲಿನ ದರ್ಜೆಗೆ 7 ಅನುಪಾತವನ್ನೂ ನಿಗದಿ ಮಾಡಿತು. ಎಡಿಟರ್‌ನ ಮೂಲ ಬೆಲೆಯಾದ 4.5 ಈ ಮಾರ್ಗಸೂಚಿಯದೇ.

ನೀಲಿ ಬಣ್ಣವನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕದ ಅಗತ್ಯ ತಿಳಿಯುತ್ತದೆ. ಮನುಷ್ಯನ ಕಣ್ಣಿಗೆ ಹಸಿರು ಹೆಚ್ಚು ಹೊಳೆಯುತ್ತದೆ, ನೀಲಿ ತೀರ ಕಡಿಮೆ ಹೊಳೆಯುತ್ತದೆ; ಲೆಕ್ಕದಲ್ಲಿ ಶುದ್ಧ ಹಸಿರಿನ ಹೊಳಪು 0.7152, ಕೆಂಪಿನದು 0.2126, ನೀಲಿಯದು ಕೇವಲ 0.0722. ಶುದ್ಧ ಕಪ್ಪು ಹಿನ್ನೆಲೆಯ ಮೇಲೆ ಹಸಿರಿಗೆ 15.3, ಕೆಂಪಿಗೆ 5.25 ಅನುಪಾತ ಬಂದರೆ ನೀಲಿಗೆ 2.44 ಮಾತ್ರ ಬರುತ್ತದೆ. ಈ ಎಡಿಟರ್‌ನ ಕಪ್ಪು ಥೀಮ್‌ಗಳಲ್ಲಿ ಸಾಮಾನ್ಯ ನೀಲಿಯನ್ನು ಕೆಂಪು 36, ಹಸಿರು 114, ನೀಲಿ 200 ಸೇರಿಸಿ ತಕ್ಕಮಟ್ಟಿಗೆ ತಿಳಿ ಮಾಡಿದ್ದರೂ, ಮೂರೂ 24 ಆಗಿರುವ ಕಡುಬೂದು ಹಿನ್ನೆಲೆಯ ಮೇಲೆ ಅದರ ಅನುಪಾತ ಸುಮಾರು 3.65 ಆಗುತ್ತದೆ. ಇದು 4.5ಕ್ಕಿಂತ ಕಡಿಮೆಯಾದ್ದರಿಂದ ಚಿತ್ರಿಸುವ ಭಾಗವು ಆ ನೀಲಿಯನ್ನು ಇನ್ನಷ್ಟು ತಿಳಿ ಮಾಡಿ ತೋರಿಸುತ್ತದೆ. ನೀಲಿ ಮಾಸಿತು ಎಂದು ಕಾಣುವುದು ಈ ತಿದ್ದುಪಡಿಯೇ. ಬಿಳಿ ಹಿನ್ನೆಲೆಯಲ್ಲಿ ಇದೇ ಗತಿ ಹಳದಿಗೆ ಬರುತ್ತದೆ: ಶುದ್ಧ ಹಳದಿಗೂ ಬಿಳಿಗೂ ಇರುವ ಅನುಪಾತ ಸುಮಾರು 1.07 ಆದ್ದರಿಂದ ಅದನ್ನು ಕಂದಿನ ಕಡೆಗೆ ಕಪ್ಪಾಗಿಸದೆ ಓದಲು ಸಾಧ್ಯವೇ ಇಲ್ಲ.

ಉಬುಂಟು ಲಿನಕ್ಸ್‌ನಲ್ಲಿ ಫೋಲ್ಡರ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶ ಇನ್ನೊಂದು ಸೂಕ್ಷ್ಮವನ್ನು ತೋರಿಸುತ್ತದೆ. ಅದು ಫೋಲ್ಡರ್‌ಗಳ ಹೆಸರನ್ನು ದಪ್ಪ ನೀಲಿಯಲ್ಲಿ ಕೇಳುತ್ತದೆ. ‘ಡ್ರಾ ಬೋಲ್ಡ್ ಟೆಕ್ಸ್ಟ್ ಇನ್ ಬ್ರೈಟ್ ಕಲರ್ಸ್’ ಎಂಬ ಸೆಟ್ಟಿಂಗ್ ಮೂಲತಃ ಚಾಲೂ ಇರುವುದರಿಂದ ಎಡಿಟರ್ ದಪ್ಪ ಅಕ್ಷರಕ್ಕೆ ಸಾಮಾನ್ಯ ನೀಲಿಯ ಬದಲು ಉಜ್ವಲ ನೀಲಿಯನ್ನು, ಅಂದರೆ 59, 142, 234ರ ಮಿಶ್ರಣವನ್ನು ಹಚ್ಚುತ್ತದೆ. ಅದರ ಅನುಪಾತ ಅದೇ ಹಿನ್ನೆಲೆಯ ಮೇಲೆ ಸುಮಾರು 5.3 ಆಗುವುದರಿಂದ ಅದಕ್ಕೆ ತಿದ್ದುಪಡಿ ಬೇಕಾಗುವುದಿಲ್ಲ. ಒಂದೇ ಪರದೆಯಲ್ಲಿ ಒಂದು ನೀಲಿ ಬದಲಾಗಿ ಮತ್ತೊಂದು ನೀಲಿ ಹಾಗೆಯೇ ಉಳಿಯುವುದು ಇದರಿಂದಲೇ ಹೊರತು ಯಂತ್ರ ಕೆಟ್ಟದ್ದರಿಂದ ಅಲ್ಲ.

ಥೀಮ್‌ಗಳೂ ಬದಲಾಗುತ್ತವೆ. 2023ರಲ್ಲಿ ಡಾರ್ಕ್ ಮಾಡರ್ನ್ ಮತ್ತು ಲೈಟ್ ಮಾಡರ್ನ್ ಎಂಬ ಹೊಸ ಥೀಮ್‌ಗಳು ಈ ಎಡಿಟರ್‌ನ ಮೂಲ ಥೀಮ್‌ಗಳಾದವು. ಥೀಮನ್ನು ತಾವೇ ಆರಿಸದೆ ಮೂಲ ಥೀಮನ್ನೇ ನೆಚ್ಚಿಕೊಂಡವರಿಗೆ ಇಂತಹ ಬದಲಾವಣೆ ಬೇಗ ತಟ್ಟುತ್ತದೆ.

ಮೊದಲು ಲಕ್ಷಣವನ್ನು ಗುರುತಿಸಬೇಕು

ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು, ಪರದೆಯ ಮೇಲೆ ಕಾಣುತ್ತಿರುವುದು ಕೆಳಗಿನವುಗಳಲ್ಲಿ ಯಾವುದು ಎಂದು ತೀರ್ಮಾನಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಬಣ್ಣಗಳಿವೆ, ಆದರೆ ತಿಳಿಯಾಗಿವೆ ಅಥವಾ ಗಾಢವಾಗಿವೆ: ಕಾರಣ ಬಹುತೇಕ ಕಾಂಟ್ರಾಸ್ಟ್ ಅನುಪಾತ.

2. ಹಿನ್ನೆಲೆಯೂ ಸೇರಿ ಎಲ್ಲ ಬಣ್ಣಗಳೂ ಬೇರೆಯಾಗಿವೆ: ಥೀಮ್ ಬದಲಾಗಿದೆ, ಇಲ್ಲವೇ ಆಪರೇಟಿಂಗ್ ಸಿಸ್ಟಂನ ಹಗಲು ಮತ್ತು ರಾತ್ರಿ ವಿಧಾನವನ್ನು ಎಡಿಟರ್ ಅನುಸರಿಸುತ್ತಿದೆ.

3. ಬಣ್ಣಗಳೇ ಇಲ್ಲ, ಎಲ್ಲವೂ ಒಂದೇ ಬಣ್ಣ: ಪ್ರೋಗ್ರಾಂ ಸಂಕೇತವನ್ನೇ ಕಳುಹಿಸುತ್ತಿಲ್ಲ, ದೋಷ ಶೆಲ್ ಅಥವಾ ಪರಿಸರ ಚರಗಳಲ್ಲಿದೆ.

4. ಬಣ್ಣದ ಬದಲು ಚೌಕ ಆವರಣ, ಅಂಕಿ ಮತ್ತು ಎಂ ಅಕ್ಷರಗಳು ಪಠ್ಯದ ನಡುವೆ ಕಾಣುತ್ತಿವೆ: ಸಂಕೇತ ಬರುತ್ತಿದೆ, ಆದರೆ ಅದನ್ನು ನಡುವೆ ಯಾವುದೋ ಪ್ರೋಗ್ರಾಂ ಅರ್ಥ ಮಾಡಿಕೊಳ್ಳದೆ ಹಾಗೆಯೇ ತೋರಿಸುತ್ತಿದೆ.

5. ಅಕ್ಷರಗಳು ಒಡೆದಿವೆ, ಬಣ್ಣದ ಚುಕ್ಕೆಗಳು ಮೂಡಿವೆ, ಲ್ಯಾಪ್‌ಟಾಪ್ ನಿದ್ರಾವಸ್ಥೆಯಿಂದ ಎದ್ದ ಮೇಲೆ ಹೆಚ್ಚುತ್ತಿದೆ: ಗ್ರಾಫಿಕ್ಸ್ ವೇಗವರ್ಧನೆಯ ತೊಂದರೆ.

6. ಆದೇಶದ ಎಡಬದಿಯಲ್ಲಿ ನೀಲಿ ಅಥವಾ ಕೆಂಪು ವೃತ್ತ ಹೊಸದಾಗಿ ಕಾಣುತ್ತಿದೆ: ಇದು ದೋಷವಲ್ಲ. ಆದೇಶ ಯಶಸ್ವಿಯಾಯಿತೇ ವಿಫಲವಾಯಿತೇ ಎಂದು ತಿಳಿಸಲು ಶೆಲ್ ಇಂಟಿಗ್ರೇಶನ್ ಎಂಬ ಸೌಲಭ್ಯ ಹಾಕುವ ಗುರುತು.

ಪರಿಹಾರದ ಹಂತಗಳು

1. ಹೊರಗಿನ ಟರ್ಮಿನಲ್‌ನೊಂದಿಗೆ ಹೋಲಿಸಬೇಕು. ಲಿನಕ್ಸ್‌ನ ಟರ್ಮಿನಲ್ ಅಥವಾ ವಿಂಡೋಸ್ ಟರ್ಮಿನಲ್ ತೆರೆದು, ಎಡಿಟರ್‌ನ ಒಳಗೆ ಓಡಿಸಿದ ಆದೇಶವನ್ನೇ ಅಲ್ಲಿಯೂ ಓಡಿಸಬೇಕು. ಗಿಟ್ ಬಳಸುವವರಿಗೆ ಗಿಟ್ ಡಿಫ್ ಆದೇಶ ಒಳ್ಳೆಯ ಪರೀಕ್ಷೆ, ಏಕೆಂದರೆ ಅದು ಅಳಿಸಿದ ಸಾಲನ್ನು ಕೆಂಪಿನಲ್ಲೂ ಸೇರಿಸಿದ ಸಾಲನ್ನು ಹಸಿರಿನಲ್ಲೂ ತೋರಿಸುತ್ತದೆ. ಹೊರಗೂ ಬಣ್ಣ ಇಲ್ಲದಿದ್ದರೆ ಎಡಿಟರ್ ನಿರ್ದೋಷಿ, ಆಗ ನೇರವಾಗಿ 6ನೆಯ ಹಂತಕ್ಕೆ ಹೋಗಬಹುದು. ಹೊರಗೆ ಸರಿಯಾಗಿದ್ದು ಒಳಗೆ ಮಾತ್ರ ಬೇರೆಯಾಗಿದ್ದರೆ ಮುಂದಿನ ಹಂತಕ್ಕೆ ಸಾಗಬೇಕು.

2. ಕಾಂಟ್ರಾಸ್ಟ್ ಅನುಪಾತವನ್ನು ಪರೀಕ್ಷಿಸಬೇಕು. ಕಂಟ್ರೋಲ್ ಮತ್ತು ಅಲ್ಪವಿರಾಮದ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಸೆಟ್ಟಿಂಗ್ಸ್ ತೆರೆಯುತ್ತದೆ. ಹುಡುಕುವ ಜಾಗದಲ್ಲಿ ‘ಮಿನಿಮಮ್ ಕಾಂಟ್ರಾಸ್ಟ್’ ಎಂದು ಬರೆದು, ಸಿಕ್ಕ ಸೆಟ್ಟಿಂಗ್‌ನ ಬೆಲೆಯನ್ನು 1 ಎಂದು ಬದಲಿಸಿ ಟರ್ಮಿನಲ್ ಕಡೆಗೆ ನೋಡಬೇಕು. ಹಳೆಯ ಬಣ್ಣಗಳು ಮರಳಿದರೆ ಕಾರಣ ಸಿಕ್ಕಿತು. ಆದರೆ 1 ಎಂದೇ ಬಿಡುವ ಮೊದಲು 3 ಎಂಬ ನಡುವಿನ ಬೆಲೆಯನ್ನೂ ಪ್ರಯತ್ನಿಸಬೇಕು. ಥೀಮ್‌ನ ಬಣ್ಣವೂ ಉಳಿದು ಓದುವ ಅನುಕೂಲವೂ ಉಳಿಯುವ ಜಾಗ ಅನೇಕರಿಗೆ ಅಲ್ಲಿ ಸಿಗುತ್ತದೆ. ಕಣ್ಣು ಸೋತವರು, ಕನ್ನಡಕ ಹಾಕುವವರು, ಕಿಟಕಿಯ ಬೆಳಕು ಪರದೆಗೆ ಬೀಳುವ ಜಾಗದಲ್ಲಿ ಕೂರುವವರು 4.5 ಅಥವಾ 7 ಇಟ್ಟುಕೊಳ್ಳುವುದೇ ಉತ್ತಮ.

3. ಥೀಮನ್ನು ಖಚಿತಪಡಿಸಿಕೊಳ್ಳಬೇಕು. ಕಂಟ್ರೋಲ್ ಹಿಡಿದು ಕೆ ಒತ್ತಿ, ಮತ್ತೆ ಕಂಟ್ರೋಲ್ ಹಿಡಿದು ಟಿ ಒತ್ತಿದರೆ ಥೀಮ್‌ಗಳ ಪಟ್ಟಿ ಬರುತ್ತದೆ. ಹಿಂದೆ ಬಳಸುತ್ತಿದ್ದ ಥೀಮನ್ನು ಅಲ್ಲಿ ಹೆಸರು ಹಿಡಿದು ಆರಿಸಿದರೆ, ಮುಂದೆ ಮೂಲ ಥೀಮ್ ಬದಲಾದರೂ ಆ ಆಯ್ಕೆ ಬದಲಾಗುವುದಿಲ್ಲ. ಸಂಜೆಯಾದಂತೆ ಬಣ್ಣ ತಾನಾಗಿ ಬದಲಾಗುತ್ತಿದ್ದರೆ ‘ಆಟೊ ಡಿಟೆಕ್ಟ್ ಕಲರ್ ಸ್ಕೀಮ್’ ಎಂಬ ಸೆಟ್ಟಿಂಗ್ ಚಾಲೂ ಇದೆಯೇ ಎಂದು ನೋಡಬೇಕು. ಹಾಗೆಯೇ ವಿಂಡೋಸ್‌ನಲ್ಲಿ ಹೈ ಕಾಂಟ್ರಾಸ್ಟ್ ವಿಧಾನ ಚಾಲೂ ಆಗಿದ್ದರೆ ಎಡಿಟರ್ ಅದನ್ನು ಗುರುತಿಸಿ ತನ್ನ ಥೀಮನ್ನು ಬದಲಿಸಿಕೊಳ್ಳುತ್ತದೆ.

4. ಹಳೆಯ ಸ್ವಂತ ತಿದ್ದುಪಡಿಗಳನ್ನು ಹುಡುಕಬೇಕು. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ @ ಚಿಹ್ನೆಯ ಮುಂದೆ ‘ಮಾಡಿಫೈಡ್’ ಎಂದು ಬರೆದರೆ ಮೂಲ ಬೆಲೆಯಿಂದ ಬದಲಾಗಿರುವ ಸೆಟ್ಟಿಂಗ್‌ಗಳು ಮಾತ್ರ ಕಾಣುತ್ತವೆ. ಅವುಗಳಲ್ಲಿ ‘ವರ್ಕ್‌ಬೆಂಚ್ ಕಲರ್ ಕಸ್ಟಮೈಸೇಶನ್ಸ್’ ಎಂಬುದಿದ್ದರೆ ಅದರೊಳಗೆ ಟರ್ಮಿನಲ್ ಎಂದು ಆರಂಭವಾಗುವ ಸಾಲುಗಳನ್ನು ಓದಬೇಕು. ಹಳೆಯ ಥೀಮ್‌ನ ಹಿನ್ನೆಲೆಗೆ ಹೊಂದಿಸಿ ಬರೆದ ಬಣ್ಣ ಹೊಸ ಥೀಮ್‌ನ ಹಿನ್ನೆಲೆಯ ಮೇಲೆ ಕಾಣದೇ ಹೋಗಬಹುದು. ಸೆಟ್ಟಿಂಗ್ಸ್‌ನಲ್ಲಿ ಯೂಸರ್ ಮತ್ತು ವರ್ಕ್‌ಸ್ಪೇಸ್ ಎಂಬ ಎರಡು ಪುಟಗಳಿದ್ದು, ತೆರೆದಿರುವ ಒಂದು ಪ್ರಾಜೆಕ್ಟ್‌ಗೆ ಮಾತ್ರ ಸೇರಿದ ವರ್ಕ್‌ಸ್ಪೇಸ್ ಬೆಲೆಯು ಯೂಸರ್ ಬೆಲೆಯನ್ನು ಮೀರುತ್ತದೆ. ಒಂದು ಪ್ರಾಜೆಕ್ಟ್‌ನಲ್ಲಿ ಮಾತ್ರ ಬಣ್ಣ ಬೇರೆಯಾಗಿದ್ದರೆ ಕಾರಣ ಅಲ್ಲಿರುತ್ತದೆ.

5. ಗ್ರಾಫಿಕ್ಸ್ ವೇಗವರ್ಧನೆಯನ್ನು ಪರೀಕ್ಷಿಸಬೇಕು. ಲಕ್ಷಣ ಐದನೆಯದಾಗಿದ್ದರೆ ‘ಟರ್ಮಿನಲ್ ಇಂಟಿಗ್ರೇಟೆಡ್ ಜಿಪಿಯು ಆಕ್ಸಲರೇಶನ್’ ಎಂಬ ಸೆಟ್ಟಿಂಗನ್ನು ‘ಆಫ್’ ಮಾಡಬೇಕು. ಆಗ ಅಕ್ಷರಗಳನ್ನು ಗ್ರಾಫಿಕ್ಸ್ ಚಿಪ್‌ನ ಬದಲು ವೆಬ್ ಪುಟದ ಸಾಮಾನ್ಯ ವಿಧಾನದಲ್ಲಿ ಬಿಡಿಸಲಾಗುತ್ತದೆ. ತೊಂದರೆ ನಿಂತರೆ ಕಂಪ್ಯೂಟರಿನ ಗ್ರಾಫಿಕ್ಸ್ ಡ್ರೈವರ್ ಅಪ್‌ಡೇಟ್ ಮಾಡಿ, ಸೆಟ್ಟಿಂಗನ್ನು ಮತ್ತೆ ‘ಆಟೊ’ಗೆ ತಂದು ನೋಡಬೇಕು, ಆಫ್‌ನಲ್ಲೇ ಬಿಟ್ಟರೆ ಸಾವಿರಾರು ಸಾಲುಗಳ ಫಲಿತಾಂಶ ಹರಿಯುವಾಗ ಟರ್ಮಿನಲ್ ನಿಧಾನವಾಗುತ್ತದೆ.

6. ಪರಿಸರ ಚರಗಳನ್ನು ಓದಬೇಕು. ಲಿನಕ್ಸ್‌ನಲ್ಲಿ ಟಿಪುಟ್ ಕಲರ್ಸ್ ಎಂಬ ಆದೇಶ ಕೊಟ್ಟರೆ ಟರ್ಮಿನಲ್ ಎಷ್ಟು ಬಣ್ಣ ಬಲ್ಲದು ಎಂಬ ಸಂಖ್ಯೆ ಬರುತ್ತದೆ, ಸಾಮಾನ್ಯವಾಗಿ ಅದು 256 ಆಗಿರಬೇಕು. 8 ಅಥವಾ ಋಣಸಂಖ್ಯೆ ಬಂದರೆ ಟರ್ಮ್ ಎಂಬ ಪರಿಸರ ಚರದ ಬೆಲೆಯನ್ನು ನೋಡಬೇಕು. ಎಡಿಟರ್ ಅದನ್ನು ಎಕ್ಸ್‌ಟರ್ಮ್-256ಕಲರ್ ಎಂದು ಇಡುತ್ತದೆ. ಬೇರೆ ಬೆಲೆ ಕಂಡರೆ ಬ್ಯಾಷ್‌ಆರ್‌ಸಿ ಎಂಬ ಶೆಲ್ ಆರಂಭದ ಕಡತದಲ್ಲಿ ಯಾರೋ ಅದನ್ನು ಬದಲಿಸಿದ್ದಾರೆ ಎಂದು ತಿಳಿಯಬೇಕು. ನೋ ಕಲರ್ ಎಂಬ ಇನ್ನೊಂದು ಚರವನ್ನು ತಪ್ಪದೆ ಹುಡುಕಬೇಕು. ಅದರಲ್ಲಿ ಏನಾದರೊಂದು ಬೆಲೆಯಿದ್ದರೆ ಸಾಕು, ಆ ಸಂಪ್ರದಾಯ ಪಾಲಿಸುವ ಪ್ರೋಗ್ರಾಂಗಳು ಬಣ್ಣ ಕಳುಹಿಸುವುದಿಲ್ಲ. ‘ಬೇಡ’ ಎಂಬ ಅರ್ಥದಲ್ಲಿ 0 ಎಂದು ಬರೆದಿದ್ದರೂ ಅದು ‘ಬಣ್ಣ ಬೇಡ’ ಎಂದೇ ಲೆಕ್ಕ.

7. ಎಕ್ಸ್‌ಟೆನ್ಶನ್‌ಗಳನ್ನು ಬೇರ್ಪಡಿಸಿ ನೋಡಬೇಕು. ಎಡಿಟರ್‌ಗೆ ಹೊರಗಿನಿಂದ ಸೇರಿಸಿದ ಸಹಾಯಕ ತಂತ್ರಾಂಶಗಳೇ ಎಕ್ಸ್‌ಟೆನ್ಶನ್‌ಗಳು. ಅವೂ ಅಪ್‌ಡೇಟ್ ಆಗುತ್ತಿರುತ್ತವೆ. ಕಂಟ್ರೋಲ್, ಶಿಫ್ಟ್, ಪಿ ಮೂರನ್ನೂ ಒತ್ತಿ ತೆರೆಯುವ ಕಮಾಂಡ್ ಪ್ಯಾಲೆಟ್‌ನಲ್ಲಿ ‘ಸ್ಟಾರ್ಟ್ ಎಕ್ಸ್‌ಟೆನ್ಶನ್ ಬೈಸೆಕ್ಟ್’ ಎಂಬುದನ್ನು ಆರಿಸಿದರೆ, ಎಡಿಟರ್ ಅರ್ಧದಷ್ಟು ಎಕ್ಸ್‌ಟೆನ್ಶನ್‌ಗಳನ್ನು ನಿಲ್ಲಿಸಿ ತೊಂದರೆ ಇದೆಯೇ ಎಂದು ಕೇಳುತ್ತದೆ, ಉತ್ತರಕ್ಕೆ ತಕ್ಕಂತೆ ಉಳಿದುದನ್ನು ಮತ್ತೆ ಅರ್ಧ ಮಾಡುತ್ತದೆ. 32 ಎಕ್ಸ್‌ಟೆನ್ಶನ್‌ಗಳಿದ್ದರೂ ಐದಾರು ಪ್ರಶ್ನೆಗಳಲ್ಲಿ ತಪ್ಪಿತಸ್ಥ ಯಾವುದೆಂದು ತಿಳಿಯುತ್ತದೆ.

8. ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಪರೀಕ್ಷಿಸಬೇಕು. ಮೇಲಿನ ಯಾವುದೂ ಫಲಿಸದಿದ್ದರೆ ಕಮಾಂಡ್ ಪ್ಯಾಲೆಟ್‌ನಿಂದ ‘ಕ್ರಿಯೇಟ್ ಎ ಟೆಂಪರರಿ ಪ್ರೊಫೈಲ್’ ಆರಿಸಿದಾಗ ಸ್ವಂತ ಸೆಟ್ಟಿಂಗ್ ಒಂದೂ ಇಲ್ಲದ ಹೊಸ ಎಡಿಟರ್ ಕಿಟಕಿ ದೊರೆಯುತ್ತದೆ. ಅಲ್ಲಿ ಬಣ್ಣ ಸರಿಯಿದ್ದರೆ ತೊಂದರೆ ಹಳೆಯ ಸೆಟ್ಟಿಂಗ್‌ಗಳಲ್ಲಿದೆ. ಅಲ್ಲಿಯೂ ಕೆಟ್ಟಿದ್ದರೆ ಮಾತ್ರ ಅದನ್ನು ಎಡಿಟರ್‌ನ ದೋಷವೆಂದು ಅನುಮಾನಿಸಬೇಕು.

ಎರಡು ಯಂತ್ರ ಬಳಸುವವರಿಗೆ

ಸೆಟ್ಟಿಂಗ್ಸ್ ಸಿಂಕ್ ಎಂಬ ಸೌಲಭ್ಯ ಒಂದು ಯಂತ್ರದಲ್ಲಿ ಮಾಡಿದ ಬದಲಾವಣೆಯನ್ನು ಇನ್ನೊಂದಕ್ಕೆ ತಲುಪಿಸುತ್ತದೆ. ಕಚೇರಿಯ ದೊಡ್ಡ ಮಾನಿಟರ್‌ಗೆ ಹೊಂದಿಸಿ ಅನುಪಾತವನ್ನು 1ಕ್ಕೆ ಇಳಿಸಿದರೆ ಸಂಜೆ ಹೊಸೂರಿನ ಮನೆಯ ಲ್ಯಾಪ್‌ಟಾಪ್‌ನಲ್ಲಿಯೂ ಅದೇ ಬಂದು ಕೂತಿರುತ್ತದೆ, ಮತ್ತು ಮನೆಯ ಎಡಿಟರ್ ಆ ದಿನವೇ ಅಪ್‌ಡೇಟ್ ಆಗಿದ್ದರೆ ಆರೋಪ ಅಪ್‌ಡೇಟ್‌ನ ಮೇಲೆ ಬೀಳುತ್ತದೆ. ಇದನ್ನು ತಪ್ಪಿಸಲು, ಹಂಚಿಕೊಳ್ಳಬಾರದ ಸೆಟ್ಟಿಂಗ್‌ಗಳ ಹೆಸರನ್ನು ‘ಸೆಟ್ಟಿಂಗ್ಸ್ ಸಿಂಕ್ ಇಗ್ನೋರ್ಡ್ ಸೆಟ್ಟಿಂಗ್ಸ್’ ಎಂಬ ಪಟ್ಟಿಗೆ ಸೇರಿಸಬಹುದು. ಮನೆಯಿಂದ ಕಚೇರಿಯ ಸರ್ವರ್‌ಗೆ ಎಸ್‌ಎಸ್‌ಎಚ್ ಮೂಲಕ ಸೇರಿಕೊಂಡು ಕೆಲಸ ಮಾಡುವಾಗ ಬಣ್ಣ ದಾಟುವ ನಾಲ್ಕು ಹಂತಗಳಲ್ಲಿ ಮೊದಲ ಎರಡು ಆ ಸರ್ವರ್‌ನಲ್ಲಿಯೂ ಕೊನೆಯ ಎರಡು ಮನೆಯ ಯಂತ್ರದಲ್ಲಿಯೂ ನಡೆಯುತ್ತವೆ. ಆದ್ದರಿಂದ ಬಣ್ಣವೇ ಇಲ್ಲದಿದ್ದರೆ ಸರ್ವರ್‌ನ ಬ್ಯಾಷ್‌ಆರ್‌ಸಿಯನ್ನೂ, ಬಣ್ಣ ತಪ್ಪಿದ್ದರೆ ಮನೆಯ ಎಡಿಟರನ್ನೂ ನೋಡಬೇಕು.

ಎಚ್ಚರಿಕೆಗಳು

1. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಬೇಕು. ಫಲ ಕಾಣದಿದ್ದರೆ ಅದನ್ನು ಹಿಂದಿನ ಬೆಲೆಗೆ ಮರಳಿಸಿಯೇ ಮುಂದಿನದಕ್ಕೆ ಕೈ ಹಾಕಬೇಕು.

2. ಸೆಟ್ಟಿಂಗ್‌ಗಳ ಜೇಸನ್ ಕಡತವನ್ನು ಕೈಯಿಂದ ತಿದ್ದುವ ಮೊದಲು ಅದರ ಒಂದು ಪ್ರತಿಯನ್ನು ಬೇರೆಡೆ ಉಳಿಸಬೇಕು. ಒಂದು ಅಲ್ಪವಿರಾಮ ಅಥವಾ ಆವರಣ ಬಿಟ್ಟುಹೋದರೂ ಕಡತ ಸರಿಯಾಗಿ ಓದಲಾಗದೆ ಹೊಸ ತೊಂದರೆ ಹುಟ್ಟುತ್ತದೆ.

3. ಪರಿಸರ ಚರ ಬದಲಿಸಿದ ಮೇಲೆ ತೆರೆದಿರುವ ಟರ್ಮಿನಲ್‌ನಲ್ಲಿ ಪರಿಣಾಮ ಕಾಣುವುದಿಲ್ಲ. ಅದನ್ನು ಮುಚ್ಚಿ ಹೊಸ ಟರ್ಮಿನಲ್ ತೆರೆಯಬೇಕು.

4. ಕಾಲೇಜಿನ ಪ್ರಯೋಗಾಲಯದಲ್ಲಿ ಹಲವರು ಒಂದೇ ಲಾಗಿನ್ ಬಳಸುವುದಾದರೆ ಯೂಸರ್ ಪುಟದ ಬದಲಾವಣೆ ಎಲ್ಲರಿಗೂ ತಟ್ಟುತ್ತದೆ. ಅಲ್ಲಿ ಸ್ವಂತ ಪ್ರಾಜೆಕ್ಟ್‌ನ ವರ್ಕ್‌ಸ್ಪೇಸ್ ಪುಟದಲ್ಲಿ ಬದಲಿಸಿಕೊಳ್ಳುವುದು ಸೌಜನ್ಯ.

5. ತೊಂದರೆಗೆ ಹೆದರಿ ಅಪ್‌ಡೇಟ್ ಆಗುವುದನ್ನೇ ಶಾಶ್ವತವಾಗಿ ನಿಲ್ಲಿಸಬಾರದು. ಭದ್ರತೆಯ ದೋಷಗಳ ಪರಿಹಾರವೂ ಅಪ್‌ಡೇಟ್‌ನಲ್ಲಿಯೇ ಬರುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯ ತಪ್ಪು ಎಡಿಟರನ್ನು ತೆಗೆದುಹಾಕಿ ಮತ್ತೆ ಹಾಕಿಕೊಳ್ಳುವುದು. ಬಳಕೆದಾರರ ಸೆಟ್ಟಿಂಗ್‌ಗಳು ಎಡಿಟರ್‌ನ ಜೊತೆಯಲ್ಲಿರದೆ ಬಳಕೆದಾರರ ಸ್ವಂತ ಫೋಲ್ಡರ್‌ನಲ್ಲಿ ಇರುವುದರಿಂದ, ಎಡಿಟರ್ ಹೋಗಿ ಬಂದರೂ ಸೆಟ್ಟಿಂಗ್‌ಗಳು ಕೂತಲ್ಲೇ ಕೂತಿರುತ್ತವೆ ಮತ್ತು ಬಣ್ಣ ಹಾಗೆಯೇ ಉಳಿಯುತ್ತದೆ.

ಎರಡನೆಯದು, ಕೋಡ್‌ನ ಬಣ್ಣಗಳಿಗೆ ಸಂಬಂಧಿಸಿದ ‘ಟೋಕನ್ ಕಲರ್ ಕಸ್ಟಮೈಸೇಶನ್ಸ್’ ಸೆಟ್ಟಿಂಗನ್ನು ತಿದ್ದುತ್ತ ಕೂರುವುದು. ಅದು ಮೇಲಿನ ಕೋಡ್ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ, ಟರ್ಮಿನಲ್‌ಗೆ ಅಲ್ಲ.

ಮೂರನೆಯದು, ಕಾಂಟ್ರಾಸ್ಟ್ ಹೆಚ್ಚಾದಷ್ಟೂ ಒಳ್ಳೆಯದು ಎಂದು 21 ಎಂಬ ಬೆಲೆ ಇಡುವುದು. ಆಗ ಕಪ್ಪು ಹಿನ್ನೆಲೆಯಲ್ಲಿ ಎಲ್ಲ ಅಕ್ಷರವೂ ಬಿಳಿಯಾಗಿ, ಬಿಳಿ ಹಿನ್ನೆಲೆಯಲ್ಲಿ ಎಲ್ಲವೂ ಕಪ್ಪಾಗಿ, ಬಣ್ಣದ ಅರ್ಥವೇ ಅಳಿಸಿಹೋಗುತ್ತದೆ.

ನಾಲ್ಕನೆಯದು, ಬಣ್ಣ ಬರಲೇಬೇಕೆಂದು ಫೋರ್ಸ್ ಕಲರ್ ಎಂಬ ಚರವನ್ನು ಶಾಶ್ವತವಾಗಿ ಹಾಕಿಡುವುದು. ಫಲಿತಾಂಶವನ್ನು ಕಡತಕ್ಕೆ ಕಳುಹಿಸುವಾಗ ಹೆಚ್ಚಿನ ಪ್ರೋಗ್ರಾಂಗಳು ಎದುರಿಗೆ ಟರ್ಮಿನಲ್ ಇಲ್ಲವೆಂದು ತಿಳಿದು ಬಣ್ಣವನ್ನು ತಾವೇ ಬಿಡುತ್ತವೆ. ಒತ್ತಾಯ ಮಾಡಿದರೆ ಆ ಕಡತದ ತುಂಬ ಅರ್ಥವಾಗದ ಸಂಕೇತಗಳು ತುಂಬಿಕೊಳ್ಳುತ್ತವೆ.

ಐದನೆಯದು ಈ ಸೀಮೆಯ ಕನ್ನಡಿಗರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಪ್ರೋಗ್ರಾಂನಿಂದ ಕನ್ನಡ ಪಠ್ಯ ಮುದ್ರಿಸಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುವುದನ್ನು ಬಣ್ಣದ ದೋಷದೊಂದಿಗೆ ಸೇರಿಸಿ ನೋಡಬಾರದು. ಟರ್ಮಿನಲ್ ಎಂಬುದು ಸಮಾನ ಅಗಲದ ಚೌಕಗಳ ಜಾಲವಾಗಿದ್ದು, ಒಂದೊಂದು ಚೌಕಕ್ಕೆ ಒಂದೊಂದು ಅಕ್ಷರ ಎಂಬ ಇಂಗ್ಲಿಷ್ ಲಿಪಿಯ ಲೆಕ್ಕದ ಮೇಲೆ ನಿಂತಿದೆ. ‘ಕೃಷ್ಣಗಿರಿ’ ಎಂಬ ಪದದ ‘ಷ್ಣ’ ಎಂಬಲ್ಲಿ ಎರಡು ವ್ಯಂಜನಗಳು ಒಂದರ ಕೆಳಗೊಂದು ಕೂರಬೇಕಾದುದು ಆ ಜಾಲಕ್ಕೆ ಹೊಂದುವುದಿಲ್ಲ. ಇದು ಥೀಮ್ ಬದಲಿಸಿದರೆ ಸರಿಹೋಗುವ ತೊಂದರೆಯಲ್ಲ. ಪಠ್ಯವನ್ನು ಕಡತಕ್ಕೆ ಬರೆಸಿ ಮೇಲಿನ ಎಡಿಟರ್ ಭಾಗದಲ್ಲಿ ತೆರೆದರೆ ಅದೇ ಪದ ಸರಿಯಾಗಿ ಕಾಣುತ್ತದೆ, ಅಂದರೆ ಪ್ರೋಗ್ರಾಂ ಕಳುಹಿಸಿದ ಅಕ್ಷರಗಳು ಸರಿಯಾಗಿಯೇ ಇವೆ.

ಕೊನೆಯ ಮಾತು

ಬಣ್ಣವನ್ನು ಹಳೆಯ ಸ್ಥಿತಿಗೆ ತರುವುದು ಒಂದು ನಿಮಿಷದ ಕೆಲಸ. ತರಬೇಕೇ ಎಂಬುದು ಯೋಚಿಸಬೇಕಾದ ಪ್ರಶ್ನೆ. 4.5 ಎಂಬ ಅನುಪಾತ ಬಂದುದು ಓದಲು ಕಷ್ಟಪಡುತ್ತಿದ್ದ ಕಣ್ಣುಗಳಿಗಾಗಿ, ಮತ್ತು ಕಣ್ಣಿಗೆ ಹಿತವಾಗಿದ್ದರೆ ಹೊಸ ಬಣ್ಣಕ್ಕೆ ಒಂದು ವಾರ ಕಾಲಾವಕಾಶ ಕೊಡುವುದು ಒಳ್ಳೆಯದು. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದವರು ಗಂಡಸರಲ್ಲಿ ಹೆಚ್ಚಾಗಿರುವುದರಿಂದ, ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳು ತಮ್ಮ ದೋಷಸಂದೇಶವನ್ನು ಕೆಂಪಿನಲ್ಲಿ ತೋರಿಸಿದರೆ ಸಾಲದು, ‘ದೋಷ’ ಎಂಬ ಪದವನ್ನೂ ಅದರ ಮುಂದೆ ಬರೆಯಬೇಕು. ಹಾಗೆ ಬರೆದ ಸಂದೇಶವನ್ನು ಯಾವ ಅಪ್‌ಡೇಟ್ ಬಂದರೂ, ಯಾವ ಬಣ್ಣ ಮಾಸಿದರೂ, ಓದುವವರು ಓದಬಲ್ಲರು.